‘ತೆಖೇಲೆತ್’: ಒಂದು ಬಣ್ಣದ ಹೆಸರಿನ ಇತಿಹಾಸ

ಪ್ರಾಚೀನ ಗ್ರಂಥಗಳ ಅನುವಾದದಲ್ಲಿ ಬಣ್ಣದ ಹೆಸರುಗಳೇ ಸುಲಭವೆಂದು ನಿಮಗೆ ತೋರಬಹುದು. ಹೀಬ್ರೂ ಬೈಬಲಿನ ‘ತೆಖೇಲೆತ್’ ಎಂಬ ಪದವನ್ನು ನೋಡಿದರೆ ಈ ಅಭಿಪ್ರಾಯ ಬದಲಾಗುತ್ತದೆ. ದೇವದರ್ಶನದ ಗುಡಾರದ ಪರದೆಗಳಿಗೂ ಮಹಾಯಾಜಕನ ನಿಲುವಂಗಿಗೂ ಈ ಬಣ್ಣದ ನೂಲು ಬೇಕೆಂದು ವಿಮೋಚನಕಾಂಡ ಹೇಳುತ್ತದೆ. ಇಸ್ರಾಯೇಲರು ಉಡುಪಿನ ಅಂಚಿನ ಗೊಂಡೆಗಳಲ್ಲಿ ಇದರ ಎಳೆಯೊಂದನ್ನು ಧರಿಸಬೇಕೆಂಬುದು ಅರಣ್ಯಕಾಂಡದ ವಿಧಿ. ಆದರೆ ಅದು ಎಂಥ ಬಣ್ಣವೆಂಬ ವಿವರಣೆ ಅಲ್ಲಿಲ್ಲ.

ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಅನುವಾದಕರು ‘ಹುಅಕಿಂಥೋಸ್’ ಎಂಬ ಹೂವಿನ ಹೆಸರನ್ನು ಬಳಸಿದರು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಜರ್ಮನ್ ಭಾಷೆಯಲ್ಲಿ ‘ಹಳದಿ ರೇಷ್ಮೆ’ ಎಂದು ಬರೆದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ‘ನೀಲಿ’ಯಾಯಿತು. ಪದ ಒಂದೇ, ಅರ್ಥಗಳು ಬೇರೆ ಬೇರೆ!

ಯೆಹೂದ್ಯರ ತಾಲ್ಮುದ್ ಗ್ರಂಥ ಈ ಬಣ್ಣವನ್ನು ಕಡಲಿಗೂ ಆಕಾಶಕ್ಕೂ ಹೋಲಿಸುತ್ತದೆ. ಅದು ‘ಹಿಲಾಜೋನ್’ ಎಂಬ ಜೀವಿಯಿಂದ ಬರುತ್ತದೆಂದೂ ಹೇಳುತ್ತದೆ. ಗಿಡದಿಂದ ತೆಗೆದ ‘ಕಾಲಾ ಇಲಾನ್’ ಎಂಬ ಬಣ್ಣ ಕಣ್ಣಿಗೆ ಹಾಗೆಯೇ ಕಂಡರೂ ಅದನ್ನು ತೆಖೇಲೆತ್ ಎಂದು ಮಾರುವುದು ಮೋಸವೆಂದು ಎಚ್ಚರಿಸುತ್ತದೆ. ಆ ಗಿಡದ ಬಣ್ಣವೇ ನೀಲಿ. ಗ್ರೀಕರು ಅದನ್ನು ‘ಇಂಡಿಕೋನ್’, ಅಂದರೆ ‘ಭಾರತದ್ದು’ ಎಂದು ಕರೆದರು. ಅಂದರೆ ತೆಖೇಲೆತ್ ಕೇವಲ ಛಾಯೆಯ ಹೆಸರಲ್ಲ. ಅದರ ಮೂಲವೂ ಅರ್ಥದ ಭಾಗ.

ಕ್ರಿ.ಶ. 7ನೆಯ ಶತಮಾನದ ಸುಮಾರಿಗೆ ಈ ಬಣ್ಣಗಾರಿಕೆ ಮರೆಯಾಯಿತು. ಗೊಂಡೆಗಳಲ್ಲಿ ಬಿಳಿ ಎಳೆಗಳು ಮಾತ್ರ ಉಳಿದವು. 1880ರ ದಶಕದಲ್ಲಿ ಪೋಲೆಂಡಿನ ಧರ್ಮಗುರು ಗೆರ್ಶೋನ್ ಹೆನೋಖ್ ಲೈನರ್, ಮಸಿ ಕಾರುವ ಕಟಲ್‌ಫಿಶ್ ಎಂಬ ಕಡಲಜೀವಿಯೇ ಹಿಲಾಜೋನ್ ಎಂದು ನಂಬಿ ಬಣ್ಣ ತಯಾರಿಸಿದರು. 1913ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಈ ವಿಷಯದ ಮೇಲೆ ಪ್ರಬಂಧ ಸಲ್ಲಿಸಿದ ಐಸಾಕ್ ಹೆರ್ಜೋಗ್ ಅದನ್ನು ರಾಸಾಯನಿಕ ಪರೀಕ್ಷೆಗೆ ಒಳಪಡಿಸಿದರು. ಅದು ಕಬ್ಬಿಣದ ಅಂಶ ಸೇರಿಸಿ ತಯಾರಾಗುವ ‘ಪ್ರಷ್ಯನ್ ನೀಲಿ’ ಎಂದು ತಿಳಿದುಬಂತು.

ಮ್ಯೂರೆಕ್ಸ್ ಎಂಬ ಕಡಲ ಬಸವನಹುಳುವಿನ ಮೇಲೂ ವಿದ್ವಾಂಸರಿಗೆ ಅನುಮಾನವಿತ್ತು. ಆದರೆ ಅದು ಕೊಡುತ್ತಿದ್ದುದು ನೇರಳೆ ಬಣ್ಣ. 1980ರ ದಶಕದಲ್ಲಿ ಇಸ್ರೇಲಿನ ರಸಾಯನ ವಿಜ್ಞಾನಿ ಆಟೋ ಎಲ್ಸ್ನರ್ ಇದಕ್ಕೆ ಉತ್ತರ ಕಂಡುಕೊಂಡರು. ಬಣ್ಣದ ದ್ರಾವಣದ ಮೇಲೆ ಬಿಸಿಲು ಬಿದ್ದರೆ ಅದರಲ್ಲಿರುವ ಬ್ರೋಮಿನ್ ಬೇರ್ಪಡುತ್ತದೆ, ನೂಲು ನೀಲಿಯಾಗುತ್ತದೆ. 2013ರಲ್ಲಿ, ಮೃತ ಸಮುದ್ರದ ಬಳಿಯ ಗುಹೆಯಲ್ಲಿ ದೊರೆತ ಪ್ರಾಚೀನ ಬಟ್ಟೆಯ ತುಣುಕಿನ ನೀಲಿ ಮ್ಯೂರೆಕ್ಸಿನದೇ ಎಂದು ಸಂಶೋಧಕರು ಪ್ರಕಟಿಸಿದರು.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. ಬ್ರೋಮಿನ್ ಕಳೆದುಕೊಂಡ ಆ ಬಣ್ಣ ರಾಸಾಯನಿಕವಾಗಿ ನೀಲಿಗಿಡದ ಬಣ್ಣವೇ! ಕಣ್ಣಿಗೆ ವ್ಯತ್ಯಾಸ ಕಾಣದಿದ್ದುದು ಸಹಜವೇ. ಕನ್ನಡದಲ್ಲಿ ‘ನೀಲಿ’ ಎಂದರೆ ಬಣ್ಣವೂ ಹೌದು, ಗಿಡವೂ ಹೌದು. ತೆಖೇಲೆತ್ ಅನ್ನು ‘ನೀಲಿ’ ಎಂದು ಅನುವಾದಿಸಿದರೆ ಬಣ್ಣವೇನೋ ಸರಿಹೋಗುತ್ತದೆ. ಆದರೆ ತಾಲ್ಮುದ್ ಬೇಡವೆಂದ ಗಿಡವೇ ಪದದೊಳಗೆ ಬಂದು ಕೂರುತ್ತದೆ. ಆದ್ದರಿಂದ ಹಳೆಯ ಪದವೊಂದು ಎದುರಾದಾಗ ಅದರ ಅರ್ಥವೇನೆಂದು ಮಾತ್ರ ಕೇಳಿದರೆ ಸಾಲದು. ಆ ವಸ್ತು ಎಲ್ಲಿಂದ ಬಂತು, ಅದನ್ನು ಯಾರು ಹೇಗೆ ತಯಾರಿಸುತ್ತಿದ್ದರು ಎಂಬುದನ್ನೂ ಕೇಳಿ.