ತಲೆಹೊರೆಯಿಂದ ಬ್ಯಾಟರಿ ಸೈಕಲ್ಲಿಗೆ

ಯಲಬುರ್ಗಿ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ನೀವು ಬೆಳಗಿನ ಹೊತ್ತು ಹೋಗಿ ನೋಡಿರಿ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಕ್ಯಾರಿಯರಿನ ಎರಡು ಮಗ್ಗುಲಿಗೆ ಎರಡು ಕ್ಯಾನು. ಕ್ಯಾನಿಗೆ 20 ಲೀಟರು. ಹತ್ತಿ ತುಳಿಯುವವರು ಅಲ್ಲಿ ಕಡಿಮೆ. ಹ್ಯಾಂಡಲ್ಲು ಹಿಡಿದು ತಳ್ಳಿಕೊಂಡು ನಡೆಯುವವರೇ ಹೆಚ್ಚು. ಈ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂಬುದು ನಿಯಮ. ಹೆಚ್ಚಾದರೆ ಮಕ್ಕಳ ಹಲ್ಲು ಕಂದುಗಟ್ಟುವುದು. ವರ್ಷಗಟ್ಟಲೆ ಕುಡಿದರೆ ಎಲುಬು ಕೀಲುಗಳೇ ಬಿಗಿದುಕೊಳ್ಳುವುವು. ಆದುದರಿಂದ ಮನೆಯ ಅಂಗಳದಲ್ಲಿ ನಲ್ಲಿ ಇದ್ದರೂ ಕುಡಿಯುವ ನೀರನ್ನು ಬೇರೆಡೆಯಿಂದ ತರುವುದು ದಿನದ ಕೆಲಸವಾಗಿದೆ.

ಎರಡು ಕ್ಯಾನು ನೀರೆಂದರೆ 40 ಕಿಲೋಗ್ರಾಮು. ಈ 40 ಕಿಲೋಗ್ರಾಮೇ ನನ್ನ ವಿಷಯ. ಕೈಯಲ್ಲಿ ಹಿಡಿದು ತರಲು ಇದು ಬಹಳ ಭಾರ. ಎತ್ತು ಹೂಡಿ ಬಂಡಿ ಕಟ್ಟಲು ಬಹಳ ಹಗುರ. ಒಂದು ಸಂಸಾರದ ನಿತ್ಯದ ಭಾರಗಳೆಲ್ಲ ಹೀಗೆಯೇ. ಗಿರಣಿಗೆ ಹೋಗುವ ಜೋಳ, ಎಮ್ಮೆಗೆ ತರುವ ಹುಲ್ಲಿನ ಹೊರೆ, ಸಂತೆಯ ಚೀಲ, ಈಗಿನ ಕಾಲಕ್ಕೆ ಗ್ಯಾಸಿನ ಸಿಲಿಂಡರು. ರಾಜರ ಯುದ್ಧಯಾತ್ರೆಗಳನ್ನು, ವರ್ತಕರ ಸಾರ್ಥಗಳನ್ನು ಬರೆದಿಟ್ಟ ಚರಿತ್ರೆಯು ಈ ನಡುತರದ ಭಾರವನ್ನು ಯಾರು ಹೊತ್ತರೆಂದು ಹೇಳುವುದು ಅಪೂರ್ವ.

ದೊಡ್ಡ ಭಾರದ ಕತೆ ನಮಗೆ ಚೆನ್ನಾಗಿ ತಿಳಿದಿದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಹೇರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹೇರೆಂದರೆ ಒಂದು ಎತ್ತಿನ ಬೆನ್ನಿನ ಭಾರ. ಹಳಗನ್ನಡದ ‘ಪೇಱು’ ಎಂಬುದೇ ಹಕಾರವಾಗಿ ಹೀಗೆ ನಿಂತಿದೆ. ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ, ಹೊರೆಗೆ ಇಷ್ಟು ಎಲೆ ದೇವರಿಗೆ ಸಲ್ಲಬೇಕೆಂದು ವರ್ತಕ ಸಂಘಗಳು ದಾನ ಬಿಡುತ್ತಿದ್ದವು. ಸುಂಕಗಳಲ್ಲಿಯೂ ದೊಡ್ಡ ಸರಕಿಗೆ ‘ಹೆಜ್ಜುಂಕ’, ಚಿಲ್ಲರೆ ಸರಕಿಗೆ ‘ಕಿರುಕುಳ’ ಎಂಬ ಭೇದವಿದ್ದಿತು. ಕಿರುಕುಳವೆಂಬ ಆ ಮಾತಿಗೆ ಇಂದು ನಾವು ಹೇಳುವ ಅರ್ಥ ನಿಮಗೆ ಗೊತ್ತೇ ಇದೆ. ಚಿಲ್ಲರೆ ಸಾಮಾನಿಗೆ ದಾರಿಯಲ್ಲಿ ನಿಲ್ಲಿಸಿ ಸುಂಕ ಕೇಳಿಸಿಕೊಂಡವರ ಅನುಭವವೇ ಈ ಅರ್ಥಕ್ಕೆ ಕಾರಣವಾಯಿತೋ ಏನೋ, ಇದು ನನ್ನ ಊಹೆ ಮಾತ್ರ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದವನು. ನಗರದ ಬೀದಿಗಳಲ್ಲಿ ಹೇರೆತ್ತುಗಳು ಎಷ್ಟು ದಟ್ಟವಾಗಿದ್ದವೆಂದರೆ ಅವು ದಾಟುವವರೆಗೆ ನಡೆಯುವವರು ನಿಂತು ಕಾಯಬೇಕಾಗುತ್ತಿತ್ತೆಂದು ಬರೆದಿದ್ದಾನೆ. ನದಿಯ ಈಚೆಯ ಆನೆಗೊಂದಿಗೆ, ಎಂದರೆ ನಮ್ಮ ಗಂಗಾವತಿ ಸೀಮೆಗೆ, ದಾಟಿ ಬರಲು ಬುಟ್ಟಿಯಂತೆ ದುಂಡಾದ, ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳಿದ್ದವು. ಹದಿನೈದು ಇಪ್ಪತ್ತು ಜನರನ್ನು ಅವು ಹೊರುತ್ತಿದ್ದವು. ಎತ್ತು ಕುದುರೆಗಳು ಸಾಮಾನ್ಯವಾಗಿ ಈಜಿಯೇ ದಾಟುತ್ತಿದ್ದವೆಂದೂ ಅವನು ಹೇಳುತ್ತಾನೆ. ಮುಂದೆ 1790-91ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೇನೆಗಳು ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದವು. ಆ ಯುದ್ಧಕಾಲದಲ್ಲಿ ಸೇನೆಗಳಿಗೆ ಧಾನ್ಯ ಒದಗಿಸಿದವರು ಸಾವಿರಾರು ಎತ್ತುಗಳ ಬಂಜಾರರು. ಅವರ ವಂಶದವರ ತಾಂಡಾಗಳು ಕುಷ್ಟಗಿ ಯಲಬುರ್ಗಿಗಳಲ್ಲಿ ಇಂದಿಗೂ ಉಂಟು. ರೈಲು ಬಂದ ಮೇಲೆ ಅವರ ಹೇರೆತ್ತಿನ ವೃತ್ತಿ ಹೋಯಿತು.

ಸಣ್ಣ ಭಾರವೋ? ಅದು ತಲೆಯ ಮೇಲೆಯೇ ಉಳಿಯಿತು. ಅದೂ ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೆ. ಸೀರೆಯ ತುಂಡನ್ನು ಸುತ್ತಿ ಮಾಡಿದ ಸಿಂಬಿ, ಅದರ ಮೇಲೆ ಕೊಡ, ಕೊಡದ ಮೇಲೆ ಮತ್ತೊಂದು ಕೊಡ. ಬಂಡಿಯಿದ್ದ ಒಕ್ಕಲುಮನೆಯಲ್ಲಿಯೂ ಹೀಗೆಯೇ. ನೀರಿಗಾಗಿ, ಒಂದು ಹೊರೆ ಹುಲ್ಲಿಗಾಗಿ ಯಾರೂ ಎತ್ತು ಹೂಡುತ್ತಿರಲಿಲ್ಲ. ಬಂಡಿಯು ಗಂಡಸಿನ ಕೆಲಸಕ್ಕೆ, ಎತ್ತಿಗೆ ವಿಶ್ರಾಂತಿ ಬೇಕು. ತಾಯಿಯ ಕುತ್ತಿಗೆಗೆ ಅದು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನಮ್ಮ ಮನೆಯನ್ನೂ ನಾನು ಬಿಟ್ಟು ಹೇಳುತ್ತಿಲ್ಲ.

ಸಂಸಾರದ ಭಾರವನ್ನು ಮೊದಲು ತಲೆಯಿಂದ ಇಳಿಸಿದ್ದು ಸೈಕಲ್ಲು. ಇಂದಿನ ಆಕಾರದ ಸೈಕಲ್ಲು ಇಂಗ್ಲೆಂಡಿನಲ್ಲಿ 1885ರಲ್ಲಿ ಹುಟ್ಟಿತು. ಗಾಳಿ ತುಂಬಿದ ಟಾಯರನ್ನು ಡನ್ಲಪ್ ಎಂಬವನು 1888ರಲ್ಲಿ ಮಾಡಿದ. ಬಹುಕಾಲ ಅದು ನಮ್ಮಲ್ಲಿ ನೌಕರದಾರರ, ಸಾಹುಕಾರರ ವಾಹನ. ಸ್ವಾತಂತ್ರ್ಯಾನಂತರ ದೇಶದೊಳಗೇ ಕಾರ್ಖಾನೆಗಳು ಎದ್ದ ಮೇಲೆ ಅದು ಹಾಲು ಮಾರುವವನಿಗೂ ಶಾಲೆಯ ಮಾಸ್ತರನಿಗೂ ನಿಲುಕಿತು. ಊರೂರಿನ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದವು. ಹಳೆಯ ಕಿರುಕುಳವು ಹೊಸ ವೇಷದಲ್ಲಿ ಬಂದಿದ್ದಿತು!

ನನ್ನ ಬಾಲ್ಯದಲ್ಲಿ, 1980ರ ಸುಮಾರಿಗೆ, ತಾಸಿನ ಲೆಕ್ಕದಲ್ಲಿ ಸೈಕಲ್ಲು ಬಾಡಿಗೆಗೆ ಸಿಗುತ್ತಿತ್ತು. ಅರ್ಧ ತಾಸಿಗೆ ಒಂದನ್ನು ತೆಗೆದುಕೊಂಡು ಜೋಳ ಬೀಸಿಸಲು ಹೋಗಿದ್ದೆ. ಬಾಡಿಗೆಯ ಹೊತ್ತು ಮೀರೀತೆಂಬ ಭಯದಲ್ಲಿ ಮರಳುವಾಗ ಜೋರಾಗಿ ತುಳಿದೆ. ಕ್ಯಾರಿಯರಿನ ಹಗ್ಗ ಸಡಿಲವಾಗಿ ಬಿಸಿ ಬಿಸಿ ಹಿಟ್ಟಿನ ಚೀಲ ಒಂದು ಕಡೆಗೆ ವಾಲಿತು, ಸೈಕಲ್ಲೂ ವಾಲಿತು, ನಾನೂ ಬಿದ್ದೆ. ಅವ್ವ ಮೇಲಿನ ಹಿಟ್ಟನ್ನು ಬಳಿದು, ಸಾಣಿಸಿ, ರೊಟ್ಟಿ ಮಾಡಿದಳು. ತಿನ್ನುವಾಗ ಹಲ್ಲಿಗೆ ಮಳಲು ಸಿಕ್ಕಿತು. ಸೈಕಲ್ಲಿನ ದೋಷವೇ ಇದು. ಎರಡು ಗಾಲಿಯ ಮೇಲೆ ಎತ್ತರದಲ್ಲಿ ಭಾರ ಕಟ್ಟಿದರೆ ಅದು ನಿಲ್ಲಲೊಲ್ಲದು. 40 ಕಿಲೋ ನೀರು ಕಟ್ಟಿದವರು ಹತ್ತದೆ ತಳ್ಳಿಕೊಂಡು ಹೋಗುವುದು ಇದೇ ಕಾರಣಕ್ಕೆ.

ಗಂಗಾವತಿಯ ಕತೆ ಸ್ವಲ್ಪ ಬೇರೆ. 1953ರಲ್ಲಿ ಮುನಿರಾಬಾದಿನ ಹತ್ತಿರ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ ನೀರು ಹರಿದು ಅದು ಭತ್ತದ ನಾಡಾಯಿತು; ಕೈಯಲ್ಲಿ ಕಾಸು ಆಡಿತು. ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಎಂಬ ಮೊಪೆಡ್ಡು ತಯಾರಾಗತೊಡಗಿದ ಮೇಲೆ, ಅದರ ವಂಶದ ಗಾಡಿಗಳು ಆ ಸೀಮೆಯ ಒಡ್ಡುಗಳ ಮೇಲೆಲ್ಲ ಹರಿದಾಡಿದವು. ಗೊಬ್ಬರದ ಚೀಲ, ಔಷಧ ಹೊಡೆಯುವ ಪಂಪು, ಹುಲ್ಲು, ಹಿಂದೆ ಹೆಂಡತಿ, ಮುಂದೆ ಮಗು. ಅದು ಬಡವನ ಹೇರೆತ್ತೇ ಸರಿ. ಆದರೆ ಅದಕ್ಕೆ ಪೆಟ್ರೋಲು ಬೇಕು, ನೋಂದಣಿ ಬೇಕು, ಲೈಸೆನ್ಸು ಬೇಕು. ಮನೆಯಲ್ಲಿ ಅದರ ಕೀಲಿಕೈ ಯಾರ ಜೇಬಿನಲ್ಲಿ ಇರುತ್ತದೆಂದು ನೀವೇ ನೆನಪಿಸಿಕೊಳ್ಳಿರಿ. ನೀರು ತರುವ ಹೊತ್ತಿಗೆ ಗಾಡಿ ಹೊಲಕ್ಕೆ ಹೋಗಿರುತ್ತದೆ.

ಇನ್ನು ಬ್ಯಾಟರಿ ಸೈಕಲ್ಲಿನ ಮಾತು. ಇದು ಹೊಸತೆಂದು ತಿಳಿದವರೇ ಹೆಚ್ಚು. ಆದರೆ 1881ರಲ್ಲಿಯೇ ಗುಸ್ತಾವ್ ತ್ರೂವೆ ಎಂಬಾತ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ಮೂರುಗಾಲಿ ಓಡಿಸಿ ತೋರಿಸಿದ್ದ. 1895ರಲ್ಲಿ ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಹಿಂದಿನ ಗಾಲಿಯ ಗುಂಬದೊಳಗೇ ಮೋಟಾರು ಇಟ್ಟ ಸೈಕಲ್ಲಿಗೆ ಪೇಟೆಂಟು ಪಡೆದ. ಇಂದಿನ ಅನೇಕ ಬ್ಯಾಟರಿ ಸೈಕಲ್ಲುಗಳ ಮೋಟಾರು ಇರುವುದೂ ಅಲ್ಲಿಯೇ. ಹಾಗಾದರೆ ನೂರು ವರ್ಷ ಅದು ಏಕೆ ಮಲಗಿತು? ಬ್ಯಾಟರಿಯ ಭಾರದಿಂದ. ಆಗ ಇದ್ದದ್ದು 1859ರಲ್ಲಿ ಪ್ಲಾಂಟೆ ಕಂಡುಹಿಡಿದ ಸೀಸದ ಬ್ಯಾಟರಿ. ಸೈಕಲ್ಲಿಗೆ ಬೇಕಾಗುವ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗದಷ್ಟು ವಿದ್ಯುತ್ತನ್ನು ತುಂಬಲು ಸೀಸವಾದರೆ ಸುಮಾರು 10 ಕಿಲೋ ಬೇಕು; ಲಿಥಿಯಮ್ಮಾದರೆ ಎರಡು ಮೂರು ಕಿಲೋ ಸಾಕು. ಲಿಥಿಯಮ್ ಬ್ಯಾಟರಿ ಅಂಗಡಿಗೆ ಬಂದದ್ದು 1991ರಲ್ಲಿ. ಅದನ್ನು ಸಾಧಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಂದಿತು.

ನಮ್ಮ ದೇಶದ ಕಾನೂನು ಇಲ್ಲಿ ಒಂದು ಒಳ್ಳೆಯ ಗೆರೆ ಎಳೆದಿದೆ. ಮೋಟಾರಿನ ಬಲ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ, ನೋಂದಣಿಯಿಲ್ಲ, ಲೈಸೆನ್ಸಿಲ್ಲ. ಕೊಳ್ಳುವವರು ಅಂಗಡಿಯವನ ಮಾತನ್ನಷ್ಟೇ ನಂಬದೆ ಈ ಗೆರೆಯೊಳಗೆ ಇದೆಯೆಂಬ ಪ್ರಮಾಣಪತ್ರವನ್ನು ಕೇಳಿ ನೋಡಬೇಕು.

250 ವಾಟೆಂದರೆ ಒಂದು ಕುದುರೆಬಲದ ಮೂರನೆಯ ಒಂದು ಭಾಗ. ಅಷ್ಟರಿಂದ ಏನಾದೀತು ಎಂದೀರಿ. ತುಳಿಯುವವರು, ಸೈಕಲ್ಲು, ಹಿಂದಿನ ಟ್ರೇಲರು, ನೀರು ಎಲ್ಲ ಸೇರಿ 150 ಕಿಲೋ ಎಂದಿಟ್ಟುಕೊಳ್ಳಿರಿ. ನೂರು ಅಡಿಗೆ ಐದಡಿ ಏರುವ ದಾರಿಯಲ್ಲಿ ಅದನ್ನು ಗಂಟೆಗೆ 10 ಕಿಲೋಮೀಟರಿನಂತೆ ಏರಿಸಲು ಸುಮಾರು 200 ವಾಟು ಬೇಕು. ಸಾಮಾನ್ಯ ಮನುಷ್ಯನ ಕಾಲು ಬಹಳ ಹೊತ್ತು ಕೊಡಬಲ್ಲುದು 75ರಿಂದ 100 ವಾಟು. ಸಪಾಟು ನೆಲದಲ್ಲಿ ನಿಮ್ಮ ಕಾಲೇ ಸಾಕು; ಏರು ಬಂದಲ್ಲಿ ಮಾತ್ರ ನೀವು ಇಳಿಯುತ್ತಿದ್ದಿರಿ. ಆ ಇಳಿಯುವುದನ್ನು ತಪ್ಪಿಸುವುದೇ ಈ ಮೋಟಾರಿನ ಕೆಲಸ.

ಮೋಟಾರಿಗಿಂತ ನನಗೆ ಹೆಚ್ಚು ಮುಖ್ಯವೆಂದು ತೋರುವುದು ಟ್ರೇಲರು. ಭಾರವು ಬೆನ್ನ ಹಿಂದಿನ ಎತ್ತರದಿಂದ ಇಳಿದು, ನೆಲಕ್ಕೆ ಹತ್ತಿರವಾಗಿ, ತನ್ನದೇ ಎರಡು ಗಾಲಿಗಳ ಮೇಲೆ ಕುಳಿತುಬಿಡುತ್ತದೆ. ಇದರ ಶಾಸ್ತ್ರವನ್ನು ಕಲಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಬಂಡಿ ಹೊಡೆದ ಯಾವ ಹಿರಿಯರನ್ನು ಕೇಳಿದರೂ ಹೇಳಿಯಾರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ, ಹೇರಬೇಕು. ಸೈಕಲ್ಲಿನ ಟ್ರೇಲರಿಗೂ ಇದೇ ನಿಯಮ. ಕೊಂಡಿಯನ್ನು ಸೀಟಿನ ಕೆಳಗೆ ಕಟ್ಟದೆ ಹಿಂದಿನ ಗಾಲಿಯ ಅಚ್ಚಿನ ಮಟ್ಟದಲ್ಲಿ ಕಟ್ಟಿದರೆ ಜಗ್ಗಾಟ ಕಡಿಮೆ. ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು: ಎತ್ತು ಕಾಲೂರಿ ಬಂಡಿಯನ್ನು ತಡೆಯುತ್ತದೆ, ಸೈಕಲ್ಲು ತಡೆಯಲಾರದು. ಬ್ರೇಕನ್ನು ಇಳಿಯುವ ಮೊದಲೇ ಹಿಡಿಯಬೇಕು. ಕತ್ತಲಾದ ಮೇಲೆ ಟ್ರೇಲರಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಇಲ್ಲದೆ ಹೆದ್ದಾರಿಗೆ ಬರಲೇಬಾರದು. ನಮ್ಮ ರಸ್ತೆಗಳ ಲಾರಿಗಳನ್ನು ನೀವು ಬಲ್ಲಿರಿ.

ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಸಾದಾ ಸೈಕಲ್ಲಿಗಿಂತ ಇದಕ್ಕೆ ಕೆಲವು ಪಟ್ಟು ಹೆಚ್ಚು ಬೆಲೆ. ಕೆಲವು ವರ್ಷಗಳ ಮೇಲೆ ಬ್ಯಾಟರಿ ಸೊರಗುತ್ತದೆ. ಹೊಸದಕ್ಕೆ ಮತ್ತೆ ಹಣ ಬೇಕು. ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಬಿಸಿಲಲ್ಲಿ ನಿಂತ ಬ್ಯಾಟರಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕಬಾರದು, ನೆರಳಿನಲ್ಲಿಟ್ಟು ತಣಿಸಬೇಕು. ಕೆಟ್ಟರೆ ರಿಪೇರಿ ಬಲ್ಲವರು ಹಳ್ಳಿಯಲ್ಲಿ ಇಲ್ಲ. ಸರಕಾರವು 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಟ್ಟಿತಷ್ಟೆ. ಆ ಸೈಕಲ್ಲುಗಳು ಶಾಲೆಗಿಂತ ಹೆಚ್ಚಾಗಿ ನೀರಿಗೆ ತಿರುಗಿದ್ದನ್ನು ಮಾಸ್ತರನಾಗಿ ನಾನು ಕಂಡಿದ್ದೇನೆ. ಆಗ ಮಕ್ಕಳ ಮೇಲೆ ಸಿಟ್ಟಾಗಿದ್ದೆ. ಈಗ ಹಾಗನ್ನಿಸುವುದಿಲ್ಲ. ಹುಡುಗಿಯರು ಸೈಕಲ್ಲು ಕಲಿತದ್ದೇ ಆ ಯೋಜನೆಯಿಂದ. ಅವರಲ್ಲಿ ಅನೇಕರು ಇಂದು ತಾಯಂದಿರು. ಬ್ಯಾಟರಿ ಸೈಕಲ್ಲು ನಮ್ಮ ನಾಲ್ಕು ಊರುಗಳ ಹಳ್ಳಿಗಳಲ್ಲಿ ಹಬ್ಬುವುದಾದರೆ ಅದನ್ನು ಏರುವವರು ಇವರೇ ಎಂದು ನನ್ನ ಎಣಿಕೆ.

ಈಚೆಗೆ ಒಬ್ಬ ಕಮ್ಮಾರರ ಅಂಗಳದಲ್ಲಿ ಇಂಥದೊಂದು ಟ್ರೇಲರು ಕಂಡೆ. ಹಳೆಯ ಮೊಪೆಡ್ಡಿನ ಎರಡು ಗಾಲಿ, ಕಬ್ಬಿಣದ ಕೋನಪಟ್ಟಿಯ ಚೌಕಟ್ಟು, ಎರಡು ಕ್ಯಾನಿಗೆ ಅಳತೆ ಮಾಡಿ ಕೂಡಿಸಿದ ತಟ್ಟೆ. ಒಂದು ಕಾಲಕ್ಕೆ ಅವರ ಮನೆತನ ಬಂಡಿಯ ಗಾಲಿಗೆ ಹಳಿ ಹಾಕುತ್ತಿದ್ದದ್ದು. ಕೊಂಡಿ ಜಾರದಂತೆ ತೂರಿಸಿದ ಸಣ್ಣ ಮೊಳೆಯನ್ನು ತೋರಿಸಿ ಇದಕ್ಕೇನೆನ್ನುತ್ತೀರಿ ಎಂದು ಕೇಳಿದೆ. ಅವರು ತಲೆಯೆತ್ತದೆ, ‘‘ಕಡಾಣಿರೀ ಮಾಸ್ತರ, ಮತ್ತೇನಂತಾರ?’’ ಎಂದರು.