ಲಂಡನ್ನಿನ ಬೀದಿಮಾತು, ರಷ್ಯದ ದಂಡಸಂಹಿತೆ

ನಿಯಮವನ್ನು ಗುಟ್ಟಾಗಿ ಮೀರುವುದಕ್ಕೂ ನಾಲ್ಕು ಜನರ ಕಣ್ಣೆದುರೇ ಧಿಕ್ಕರಿಸುವುದಕ್ಕೂ ಇರುವ ಅಂತರವನ್ನು ಎಲ್ಲ ಸಮಾಜಗಳೂ ಬಲ್ಲವಾದರೂ, ಆ ಧಿಕ್ಕಾರವನ್ನೇ ಒಂದು ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಶಿಕ್ಷೆ ಗೊತ್ತುಪಡಿಸಿದ ಕಾನೂನುಗಳಲ್ಲಿ ರಷ್ಯದ್ದು ಎದ್ದು ಕಾಣುತ್ತದೆ. ಬಹಿರಂಗ ಉಲ್ಲಂಘನೆಯನ್ನು ಸೂಚಿಸಲು ಇಂಗ್ಲಿಷಿನಲ್ಲಿ 'ಫ್ಲೌಟ್', 'ಫ್ಲೇಗ್ರಂಟ್' ಮೊದಲಾದ ಪದಗಳು ಬಹುಕಾಲದಿಂದ ಬಳಕೆಯಲ್ಲಿದ್ದರೂ, ರಷ್ಯದ ಶಾಸನದೊಳಗೆ ನೆಲೆ ಕಂಡದ್ದು ಲಂಡನ್ನಿನ ಪತ್ರಿಕೆಗಳ ಬೀದಿಮಾತಾದ 'ಹೂಲಿಗನ್'.

ಈ ಪದ ಲಂಡನ್ನಿನ ಪತ್ರಿಕೆಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡದ್ದು 1898ರ ಬೇಸಿಗೆಯಲ್ಲಿ, ರಜಾದಿನದ ಬೀದಿಗಲಭೆಗಳಿಗೆ ಸಂಬಂಧಿಸಿದ ವರದಿಗಳಲ್ಲಿ. ಐರಿಷ್ ಮನೆತನವೊಂದರ ಹೆಸರಿನಿಂದ ಇದು ಹುಟ್ಟಿತೆಂಬುದು ಪ್ರಚಲಿತ ಊಹೆ. ಇಂಗ್ಲೆಂಡಿನಲ್ಲಿ ಅದು ಪತ್ರಿಕೆಗಳ ಹಾಗೂ ಆಡುನುಡಿಯ ಪದವಾಗಿಯೇ ಉಳಿಯಿತು. 1986ರ ಸಾರ್ವಜನಿಕ ಸುವ್ಯವಸ್ಥೆಯ ಕಾಯ್ದೆಯೂ ಗಲಭೆ, ಹಿಂಸಾತ್ಮಕ ಅವ್ಯವಸ್ಥೆ, ಹೊಡೆದಾಟ ಎಂದು ಕೃತ್ಯಗಳನ್ನು ಬೇರೆ ಬೇರೆಯಾಗಿ ವಿವರಿಸಿತೇ ಹೊರತು 'ಹೂಲಿಗನ್‌ತನ' ಎಂಬ ಅಪರಾಧವನ್ನು ಸೃಷ್ಟಿಸಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಜನಪ್ರಿಯ ಪತ್ರಿಕೆಗಳು ಈ ಪದವನ್ನು ಎತ್ತಿಕೊಂಡು, ದಾರಿಹೋಕರನ್ನು ನೂಕುವ, ಹೆಂಗಸರನ್ನು ಕೆಣಕುವ, ಅಶ್ಲೀಲವಾಗಿ ಬೈಯುವ ಪುಂಡರಿಗೆ ಅಂಟಿಸಿದವು. 1905ರ ಕ್ರಾಂತಿಯ ನಂತರ ಹಳ್ಳಿಗಳ ಅಶಾಂತಿಗೂ ಅದೇ ಹೆಸರು ಬಿದ್ದಿತು. ಮೊದಲನೆಯ ಮಹಾಯುದ್ಧದ ಮುಂಚಿನ ವರ್ಷಗಳಲ್ಲಿ ಇದನ್ನು ಶಿಕ್ಷಾರ್ಹವಾಗಿಸುವ ಕರಡನ್ನು ಸರ್ಕಾರ ಸಿದ್ಧಪಡಿಸಿದಾಗ, ನಿಖರವಾದ ವ್ಯಾಖ್ಯೆಯಿಲ್ಲದ ಪದವನ್ನು ಅಪರಾಧವಾಗಿಸಬಾರದೆಂದು ಅನೇಕ ನ್ಯಾಯಶಾಸ್ತ್ರಜ್ಞರು ಆಕ್ಷೇಪಿಸಿದರು, ಕರಡು ಕಾನೂನಾಗಲಿಲ್ಲ.

ಝಾರ್ ದೊರೆಗಳ ಆಡಳಿತ ಮಾಡದೆ ಬಿಟ್ಟದ್ದನ್ನು ಬೋಲ್ಶೆವಿಕರು ಮಾಡಿದರು. 1918ರ ಮೇ ತಿಂಗಳಿನ ಆಜ್ಞೆಯೊಂದು ಲಂಚ, ಬೇಹುಗಾರಿಕೆಗಳ ಸಾಲಿನಲ್ಲೇ ಹೂಲಿಗನ್‌ತನದ ರಷ್ಯನ್ ರೂಪವಾದ 'ಖುಲಿಗಾನ್‌ಸ್ತ್ವ'ವನ್ನೂ ಸೇರಿಸಿ ಕ್ರಾಂತಿಕಾರಿ ನ್ಯಾಯಮಂಡಳಿಗಳ ವಿಚಾರಣೆಗೆ ಒಪ್ಪಿಸಿತು. 1922ರ ದಂಡಸಂಹಿತೆಯ 176ನೆಯ ಕಲಂ, ವ್ಯಕ್ತಿಗಳಿಗಾಗಲಿ ಇಡೀ ಸಮಾಜಕ್ಕಾಗಲಿ ಸ್ಪಷ್ಟ ಅಗೌರವ ತೋರುವ, ಉದ್ದೇಶವಿಲ್ಲದ ಪುಂಡಾಟವೆಂದು ಅದನ್ನು ವ್ಯಾಖ್ಯಾನಿಸಿ, ಗರಿಷ್ಠ ಒಂದು ವರ್ಷದ ಶಿಕ್ಷೆಯನ್ನು ಗೊತ್ತುಪಡಿಸಿತು. 'ಸ್ಪಷ್ಟ ಅಗೌರವ' ಎಂಬ ಈ ಮಾತಿನಲ್ಲಿಯೇ ಅಪರಾಧದ ತಿರುಳಿತ್ತು: ಕೃತ್ಯದಿಂದಾದ ಹಾನಿಗಿಂತ ಅದರ ಹಿಂದಿನ ಉದ್ಧಟತನವೇ ಮುಖ್ಯವಾಯಿತು. 1940ರ ಆಗಸ್ಟಿನ ಆಜ್ಞೆಯು ಕಾರ್ಖಾನೆ, ಕಚೇರಿ ಮತ್ತು ಸಾರ್ವಜನಿಕ ಸ್ಥಳಗಳಲ್ಲಿನ ಪುಂಡಾಟಕ್ಕೆ ಒಂದು ವರ್ಷದ ಸೆರೆವಾಸವನ್ನು ವಿಧಿಸಿತು.

ಸ್ಟಾಲಿನ್ ತೀರಿಕೊಂಡ ನಂತರ, 1956ರ ಡಿಸೆಂಬರಿನಲ್ಲಿ, 'ಚಿಲ್ಲರೆ ಖುಲಿಗಾನ್‌ಸ್ತ್ವ' ಎಂಬ ಹಗುರವಾದ ವರ್ಗವೊಂದು ಜಾರಿಗೆ ಬಂದು, ಮೂರರಿಂದ ಹದಿನೈದು ದಿನಗಳ ಬಂಧನವನ್ನು ಸುಲಭವಾಗಿ ವಿಧಿಸುವ ಅವಕಾಶ ದೊರೆಯಿತು. ಹೀಗೆ ಸಿಕ್ಕಿಬಿದ್ದು ಕೂಲಿಕೆಲಸಕ್ಕೆ ಹಚ್ಚಲ್ಪಟ್ಟವರನ್ನು ಜನ, 1825ರ ಡಿಸೆಂಬರಿನಲ್ಲಿ ಝಾರ್‌ನ ವಿರುದ್ಧ ದಂಗೆಯೆದ್ದ ಅಧಿಕಾರಿಗಳ ನೆನಪಿನಲ್ಲಿ, 'ಡಿಸೆಂಬ್ರಿಸ್ಟರು' ಎಂದು ಗೇಲಿ ಮಾಡಿದರು. 1960ರ ಸಂಹಿತೆಯ 206ನೆಯ ಕಲಂ ಸಾಮಾನ್ಯ ಪುಂಡಾಟದಿಂದ 'ಜ್ಲೋಸ್ತ್ನೊಯೆ', ಅಂದರೆ ದುರುದ್ದೇಶದ ಹಟಮಾರಿ ಪುಂಡಾಟವನ್ನು ಬೇರ್ಪಡಿಸಿತಾದರೂ, ಅದಕ್ಕೆ ಕೊಟ್ಟ ಲಕ್ಷಣಗಳಲ್ಲಿ ಅಸಾಧಾರಣ ಸಿನಿಕತನ, ವಿಶೇಷ 'ದೆರ್ಜಸ್ತ್' ಅಂದರೆ ದಾರ್ಷ್ಟ್ಯ ಎಂಬಂಥ ಮನೋಭಾವಸೂಚಕ ಪದಗಳು ಸೇರಿದ್ದರಿಂದ ತೀರ್ಮಾನದ ಭಾರ ನ್ಯಾಯಾಧೀಶನ ಅಭಿರುಚಿಯ ಮೇಲೆ ಬಿದ್ದಿತು.

ಸೋವಿಯತ್ ಒಕ್ಕೂಟ ಕುಸಿದರೂ ಕಲಂ ಕುಸಿಯಲಿಲ್ಲ. 1996ರ ಸಂಹಿತೆಯಲ್ಲಿ ಅದು 213ನೆಯ ಕಲಂ ಆಯಿತು. 2003ರ ತಿದ್ದುಪಡಿ ಅದನ್ನು ಆಯುಧ ಬಳಸಿದ ಪ್ರಕರಣಗಳಿಗೆ ಸೀಮಿತಗೊಳಿಸಿದರೆ, 2007ರ ತಿದ್ದುಪಡಿ ದ್ವೇಷದ ಪ್ರೇರಣೆಯನ್ನು ಸೇರಿಸಿ ಮತ್ತೆ ಹಿಗ್ಗಿಸಿತು. 2012ರಲ್ಲಿ ಮಾಸ್ಕೋದ ಚರ್ಚೊಂದರಲ್ಲಿ ಪ್ರತಿಭಟನೆಯ ಹಾಡು ಹಾಡಿದ 'ಪುಸ್ಸಿ ರಾಯಟ್' ತಂಡದ ಮೂವರು ಮಹಿಳೆಯರಿಗೆ ಇದೇ ಕಲಮಿನಡಿ ಎರಡು ವರ್ಷಗಳ ಶಿಕ್ಷೆಯಾಯಿತು. ಮರುವರ್ಷ ಆರ್ಕ್ಟಿಕ್ ಸಮುದ್ರದ ತೈಲವೇದಿಕೆಯೊಂದರಲ್ಲಿ ಪ್ರತಿಭಟಿಸಿದ ಗ್ರೀನ್‌ಪೀಸ್ ಹಡಗಿನ ಮೂವತ್ತು ಮಂದಿಯ ಮೇಲೆ ಮೊದಲು ಹೊರಿಸಿದ ಕಡಲ್ಗಳ್ಳತನದ ಆರೋಪವನ್ನು ಪುಂಡಾಟದ ಆರೋಪವಾಗಿ ಬದಲಿಸಲಾಯಿತು.

ಕಳವಾದ ವಸ್ತುವನ್ನು ಎಣಿಸಬಹುದು, ಗಾಯವನ್ನು ವೈದ್ಯರು ಪರೀಕ್ಷಿಸಬಹುದು. ಅಗೌರವಕ್ಕೆ ಅಂಥ ಅಳತೆಗೋಲಿಲ್ಲ. ಕುಡುಕನನ್ನೂ ಪ್ರತಿಭಟನಕಾರನನ್ನೂ ಒಂದೇ ಹೆಸರಿನಡಿ ತರಲು ರಷ್ಯದ ಕಾನೂನಿಗೆ ಸಾಧ್ಯವಾದದ್ದು ಈ ಕಾರಣದಿಂದ. ಯುದ್ಧಪೂರ್ವದ ನ್ಯಾಯಶಾಸ್ತ್ರಜ್ಞರ ಆಕ್ಷೇಪ ಸರಿಯಾಗಿತ್ತೆಂಬುದನ್ನು ನಂತರದ ಶತಮಾನ ಸಾಬೀತುಪಡಿಸಿದೆ.