ಐರನ್ ಮೇಡನ್: ಒಂದು ಆಂಗ್ಲ ಮೇಳದ ಚರಿತ್ರೆ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಮನೆಗಳಲ್ಲಿ ಈಚೆಗೆ ಒಂದು ದೃಶ್ಯವು ಅಪರೂಪವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ಹುಡುಗನು ರಜೆಗೆ ಊರಿಗೆ ಬರುತ್ತಾನೆ. ಮೈಮೇಲೆ ಕಪ್ಪು ಅಂಗಿ. ಅಂಗಿಯ ಎದೆಯಲ್ಲಿ ಚರ್ಮ ಒಣಗಿ ಎಲುಬಿಗೆ ಅಂಟಿದ, ಕಣ್ಣು ಗುಳಿಬಿದ್ದ ಒಂದು ಪಿಶಾಚಿಯ ಮುಖ. ಅಂಗಳದಲ್ಲಿ ಅಡಿಕೆ ಹರಡುತ್ತಿರುವ ಅಜ್ಜನವರು ತಲೆಯೆತ್ತಿ, “ಇದೆಂತ ಮಗಾ, ಮಾರಿಯನ್ನು ಎದೆಯಲ್ಲಿ ಹೊತ್ತುಕೊಂಡು ಬಂದದ್ದು?” ಎಂದು ಕೇಳುತ್ತಾರೆ. “ಅದು ಎಡ್ಡಿ ಅಜ್ಜ, ಐರನ್ ಮೇಡನಿನ ಎಡ್ಡಿ” ಎಂದು ಹುಡುಗನು ನಗುತ್ತಾನೆ. ಸಂಜೆ ಉಪ್ಪರಿಗೆಯ ಕೋಣೆಯಿಂದ ಕೇಳಿಬರುವ ಆರ್ಭಟಕ್ಕೆ ಕೆಳಗಿನವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಹೀಗೆ ನಿಂತ ಮಾತನ್ನು ಸ್ವಲ್ಪ ಮುಂದುವರಿಸುವುದೇ ಈ ಲೇಖನದ ಉದ್ದೇಶವು. ಇರುಳಿಡೀ ಚೆಂಡೆಯ ಬುಡದಲ್ಲಿ ಕುಳಿತು ಬೆಳಗು ಮಾಡಿದ ಜನ ನಾವು. ಹೊತ್ತು ಮುಳುಗುವಾಗ ಕೇಳಿ ಬಾರಿಸಿದರೆ ಗುಡ್ಡದಾಚೆಯ ಮನೆಯವರೂ ಊಟ ಮುಗಿಸಿ ಸೂಟೆ ಕಟ್ಟಿಕೊಂಡು ಹೊರಡುತ್ತಿದ್ದ ನಾಡಿದು. ಇಂತಹ ನಾವು ಒಂದು ಮೇಳವನ್ನು ‘ಗದ್ದಲ’ವೆಂಬ ಒಂದೇ ಮಾತಿನಿಂದ ತಳ್ಳಿಹಾಕುವುದು ನ್ಯಾಯವಾಗದು. ಆದುದರಿಂದ ಅದರ ಹುಟ್ಟು, ಬೆಳವಣಿಗೆ, ಏಳುಬೀಳುಗಳನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಮೊದಲಿಗೆ ‘ಹೆವಿ ಮೆಟಲ್’ ಎಂಬ ಗಾಯನಪದ್ಧತಿಯ ಮೂಲವನ್ನು ತಿಳಿಯಬೇಕು. ಇದರ ತೊಟ್ಟಿಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರ. ಕಬ್ಬಿಣ, ಉಕ್ಕು, ಯಂತ್ರಗಳ ಊರು. ಅಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗನ ಬಲಗೈಯ ಎರಡು ಬೆರಳುಗಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದುವು. ಎಡಗೈಯಿಂದ ಮೀಟುತ್ತಿದ್ದ ಅವನಿಗೆ ತಂತಿಯನ್ನು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಅವನು ಮತ್ತೆ ಗಿಟಾರು ಹಿಡಿದನು. ಮುಂದೆ ಒತ್ತುವುದು ಸುಲಭವಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ತಗ್ಗಿಸಿದನು. ನಾದವು ಇನ್ನಷ್ಟು ಆಳವೂ ಭಾರವೂ ಆಯಿತು. ಅವನು ಸೇರಿದ್ದ ‘ಬ್ಲ್ಯಾಕ್ ಸಬತ್’ ಮೇಳದ ಮೊದಲ ಧ್ವನಿಮುದ್ರಿಕೆ ೧೯೭೦ರ ಫೆಬ್ರವರಿಯಲ್ಲಿ ಹೊರಬಂದಿತು. ಕಾರ್ಖಾನೆಯ ಸದ್ದಿನ ನಡುವೆ ಬೆಳೆದ ಬಡವರ ಮಕ್ಕಳ ಹಾಡು ಇದೆಂಬುದನ್ನು ನೆನಪಿನಲ್ಲಿಟ್ಟರೆ ಇದರ ಕಾಠಿಣ್ಯಕ್ಕೆ ಕಾರಣವು ಅರ್ಧದಷ್ಟು ತಿಳಿದಂತೆಯೇ.

ಐರನ್ ಮೇಡನ್ ಮೇಳವು ಹುಟ್ಟಿದ್ದು ಲಂಡನು ನಗರದ ಪೂರ್ವಭಾಗದ ಲೇಟನ್ ಎಂಬಲ್ಲಿ, ೧೯೭೫ನೆಯ ಇಸವಿಯ ಡಿಸೆಂಬರ್ ೨೫ರಂದು. ಕಟ್ಟಿದವನು ಸ್ಟೀವ್ ಹ್ಯಾರಿಸ್, ಆಗ ಹತ್ತೊಂಬತ್ತು ವಯಸ್ಸಿನವನು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಬಲ್ಲವನು, ಕಾಲ್ಚೆಂಡಿನ ಆಟದಲ್ಲಿ ಆಸಕ್ತನು. ಅವನು ನುಡಿಸುವುದು ಬಾಸ್ ಗಿಟಾರು, ಅಂದರೆ ಕೆಳದನಿಯ ದಪ್ಪ ತಂತಿಗಳ ವಾದ್ಯ. ಮೇಳದ ಹೆಸರಿಗೆ ‘ಕಬ್ಬಿಣದ ಕನ್ಯೆ’ ಎಂದರ್ಥ. ಒಳಗೆಲ್ಲ ಮೊಳೆ ಬಡಿದ, ಮನುಷ್ಯನನ್ನು ನಿಲ್ಲಿಸಿ ಮುಚ್ಚುವ ಒಂದು ಪೆಟ್ಟಿಗೆಗೆ ಆ ಹೆಸರಿದೆ. ಮಧ್ಯಯುಗದ ಹಿಂಸಾಯಂತ್ರವೆಂದು ಇದು ಪ್ರಸಿದ್ಧವಾದರೂ, ಆ ಕಾಲದಲ್ಲಿ ಅದನ್ನು ಬಳಸಿದ್ದಕ್ಕೆ ಆಧಾರವಿಲ್ಲವೆಂದೂ, ಇದು ಬಹಳ ಈಚಿನವರು ಕಟ್ಟಿದ ಕಥೆಯೆಂದೂ ಇತಿಹಾಸಜ್ಞರು ಹೇಳುತ್ತಾರೆ.

ಮೊದಲ ವರ್ಷಗಳಲ್ಲಿ ಈ ಮೇಳದ ರಂಗಸ್ಥಳವು ಲಂಡನಿನ ಸಣ್ಣ ಪಾನಗೃಹಗಳು. ಜನರು ಬಂದರು, ಹೋದರು. ಹಾಡುಗಾರರು, ವಾದ್ಯಗಾರರು ಒಬ್ಬರ ಮೇಲೊಬ್ಬರು ಬದಲಾದರು. ೧೯೭೮ರಲ್ಲಿ ಪಾಲ್ ಡಿಯಾನೊ ಎಂಬವನು ಹಾಡುಗಾರನಾಗಿ ಬಂದನು. ಅದೇ ವರ್ಷದ ಕೊನೆಯ ದಿನ ಇವರು ತಾವೇ ಕೆಲವು ಹಾಡುಗಳನ್ನು ಮುದ್ರಿಸಿಕೊಂಡು, ಮರುವರ್ಷ ಅವುಗಳ ೫,೦೦೦ ತಟ್ಟೆಗಳನ್ನು ಮಾಡಿಸಿ ಅಂಚೆಯ ಮೂಲಕ ಮಾರಿದರು. ತಟ್ಟೆಗಳು ಕೆಲವೇ ವಾರಗಳಲ್ಲಿ ಮುಗಿದುವು. ೧೯೭೯ರ ಕೊನೆಗೆ ಇ.ಎಂ.ಐ. ಎಂಬ ದೊಡ್ಡ ಕಂಪೆನಿಯು ಇವರೊಡನೆ ಕರಾರು ಮಾಡಿಕೊಂಡಿತು. ೧೯೮೦ರ ಏಪ್ರಿಲಿನಲ್ಲಿ ಹೊರಬಂದ ಮೊದಲ ಪೂರ್ಣ ಧ್ವನಿಮುದ್ರಿಕೆಯು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಆದರೆ ಡಿಯಾನೊ ದುರಭ್ಯಾಸಗಳಿಗೆ ಬಿದ್ದು, ಊರಿಂದೂರಿಗೆ ಹೋಗುವ ತಿರುಗಾಟದ ಶ್ರಮವನ್ನು ತಾಳಲಾರದವನಾದನು. ೧೯೮೧ರಲ್ಲಿ ಅವನನ್ನು ಬಿಟ್ಟು, ಬ್ರೂಸ್ ಡಿಕಿನ್ಸನ್ ಎಂಬ ಏರುಕಂಠದವನನ್ನು ಸೇರಿಸಿಕೊಂಡರು. ಮರುವರ್ಷ ಮಾರ್ಚಿನಲ್ಲಿ ಹೊರಬಂದ ‘ದ ನಂಬರ್ ಆಫ್ ದ ಬೀಸ್ಟ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನವನ್ನು ಪಡೆಯಿತು. ಬೈಬಲಿನ ಕೊನೆಯ ಗ್ರಂಥದಲ್ಲಿ ಬರುವ ೬೬೬ ಎಂಬ ಮೃಗಸಂಖ್ಯೆಯೇ ಆ ಹೆಸರಿಗೆ ಮೂಲ. ಅಮೇರಿಕದಲ್ಲಿ ಕೆಲವು ಧಾರ್ಮಿಕರು ಇವರನ್ನು ಸೈತಾನನ ಪೂಜಕರೆಂದು ಕರೆದು ತಟ್ಟೆಗಳನ್ನು ಒಡೆದರು, ಸುಟ್ಟರು. ತಾನು ಕಂಡ ದುಃಸ್ವಪ್ನವೊಂದು ಹಾಡಾಯಿತೆಂಬುದು ಹ್ಯಾರಿಸನ ಸಮಾಧಾನ. ರಾವಣನ ವೇಷ ಕಟ್ಟಿದವನು ರಾವಣನ ಭಕ್ತನಲ್ಲವೆಂಬುದನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಈ ವಿವೇಕವು ಆ ಶ್ರೀಮಂತ ದೇಶದ ಕೆಲವರಿಗೆ ಅಂದು ದುರ್ಲಭವಾಯಿತು.

ಇನ್ನು ಇವರ ಹಾಡುಗಳ ವಸ್ತುವನ್ನು ನೋಡೋಣ. ಇಲ್ಲಿಯೇ ನಮ್ಮವರಿಗೆ ಆಶ್ಚರ್ಯವಾಗುವುದು. ಪ್ರೇಮದ ಹಾಡುಗಳು ಇವರಲ್ಲಿ ವಿರಳ, ಹೆಚ್ಚಿನವು ಪ್ರಸಂಗಗಳೇ. ೧೯೮೩ರ ‘ದ ಟ್ರೂಪರ್’ ಎಂಬುದು ಕ್ರಿಮಿಯಾ ಯುದ್ಧದಲ್ಲಿ, ೧೮೫೪ರಲ್ಲಿ, ಬಾಲಕ್ಲಾವಾ ಎಂಬಲ್ಲಿ ರಷ್ಯದ ಫಿರಂಗಿಗಳ ಬಾಯಿಗೆ ನುಗ್ಗಿದ ಆಂಗ್ಲ ಕುದುರೆ ಸವಾರರ ಕಥೆ. ಕವಿ ಟೆನಿಸನ್ನನೂ ಅದನ್ನು ಹಾಡಿದ್ದನು. ೧೯೮೪ರ ‘ಪವರ್‌ಸ್ಲೇವ್’ ಧ್ವನಿಮುದ್ರಿಕೆಯಲ್ಲಿ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆಯನ್ನು ಹದಿಮೂರು ನಿಮಿಷಕ್ಕೂ ಮಿಕ್ಕಿ ವಿಸ್ತರಿಸಿದ್ದಾರೆ: ನಿರಪರಾಧಿಯಾದ ಕಡಲಹಕ್ಕಿಯನ್ನು ಕೊಂದ ಪಾಪಕ್ಕಾಗಿ ಬಾಯಾರಿ ಬೆಂದು, ಉಳಿದ ಆಯುಷ್ಯವೆಲ್ಲ ಕಂಡಕಂಡವರಿಗೆ ತನ್ನ ಕಥೆಯನ್ನು ಹೇಳುತ್ತಾ ತಿರುಗಬೇಕಾದವನ ವೃತ್ತಾಂತ. ೧೯೮೨ರ ‘ರನ್ ಟು ದ ಹಿಲ್ಸ್’ ಎಂಬ ಹಾಡಿನಲ್ಲಿ ಅಮೇರಿಕದ ಮೂಲನಿವಾಸಿಯು ತನ್ನ ನೆಲವನ್ನು ಬಿಳಿಯರು ಕಸಿದುದನ್ನು ಮೊದಲು ಹೇಳುತ್ತಾನೆ. ಬಳಿಕ ಆಕ್ರಮಿಸಿದ ಸೈನಿಕನೇ ಮಾತನಾಡುತ್ತಾನೆ. ಕಂಪೆನಿ ಸರಕಾರದ ವಿರುದ್ಧ ೧೮೩೭ರಲ್ಲಿ ಸುಳ್ಯ ಸೀಮೆಯ ರೈತರು ಎದ್ದು ಮಂಗಳೂರಿನವರೆಗೆ ನಡೆದುದನ್ನೂ, ಮುಂದೆ ಅವರ ನಾಯಕರು ನೇಣಿಗೇರಿದುದನ್ನೂ ಮರೆಯದ ನಮಗೆ, ಆಂಗ್ಲೇಯರೇ ಹಾಡಿದ ಈ ಹಾಡು ಅರ್ಥವಾಗದ್ದಲ್ಲ. ಪಾರ್ತಿಸುಬ್ಬನು ರಾಮಾಯಣದ ಕಥೆಯನ್ನು ಪದಗಳಾಗಿ ಕಟ್ಟಿದಂತೆ, ಇವರು ತಮ್ಮ ನಾಡಿನ ಕಾವ್ಯವನ್ನೂ ಚರಿತ್ರೆಯನ್ನೂ ಓದದ ಯುವಕರ ಕಿವಿಗೆ ಮುಟ್ಟಿಸಿದರೆಂದರೆ ಅತಿಶಯೋಕ್ತಿಯಾಗದು.

ಅಂಗಿಯ ಮೇಲಿನ ಎಡ್ಡಿಯ ವಿಚಾರವೂ ಇದೇ ಬಗೆಯದು. ಆರಂಭದಲ್ಲಿ ಅದು ರಂಗದ ಹಿಂಬದಿಗೆ ತೂಗುಹಾಕಿದ ಒಂದು ಮುಖವಾಡ. ಆಟದ ಉತ್ಕರ್ಷದಲ್ಲಿ ಅದರ ಬಾಯಿಂದ ಕೃತಕ ರಕ್ತವು ಚಿಮ್ಮುತ್ತಿತ್ತು. ೧೯೮೦ರಿಂದ ಡೆರೆಕ್ ರಿಗ್ಸ್ ಎಂಬ ಚಿತ್ರಕಾರನು ಅದಕ್ಕೆ ಈಗಿನ ರೂಪವನ್ನು ಕೊಟ್ಟನು. ಬಳಿಕ ಅದು ಆಳೆತ್ತರವನ್ನು ಮೀರಿದ ವೇಷವಾಗಿ ರಂಗದ ಮೇಲೆಯೇ ನಡೆದಾಡತೊಡಗಿತು. ಮುಖಕ್ಕೆ ಚುಟ್ಟಿಯಿಟ್ಟು, ದೊಂದಿಯ ಬೆಳಕಿನಲ್ಲಿ, ಚೆಂಡೆಯ ಅಬ್ಬರದೊಡನೆ ಅಟ್ಟಹಾಸ ಮಾಡುತ್ತಾ ಬರುವ ನಮ್ಮ ಬಣ್ಣದ ವೇಷವನ್ನು ಕಂಡು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡವರಿಗೆ, ಮತ್ತು ಮುಚ್ಚಿದ ಸೆರಗಿನ ಸಂದಿಯಿಂದಲೇ ಮತ್ತೆ ಇಣುಕಿದವರಿಗೆ, ಎಡ್ಡಿ ಯಾರೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ನಮ್ಮ ಮೇಳಕ್ಕೂ ಅದಕ್ಕೂ ಒಂದು ಭೇದವುಂಟು. ಭಾಗವತನೇ ಮೊದಲನೆಯ ವೇಷವೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಹಾಡುವವನೇ ಆಟವನ್ನು ಆಡಿಸುವವನು. ಐರನ್ ಮೇಡನಿನಲ್ಲಾದರೋ ಆಡಿಸುವವನು ಬಾಸ್ ಗಿಟಾರಿನ ಹ್ಯಾರಿಸ್. ಈ ಭೇದದ ಫಲವು ೧೯೯೩ರಲ್ಲಿ ಪರೀಕ್ಷೆಗೆ ಬಂದಿತು. ಆ ವರ್ಷ ಡಿಕಿನ್ಸನ್ ಮೇಳವನ್ನು ಬಿಟ್ಟನು. ಗಿಟಾರುಗಾರ ಏಡ್ರಿಯನ್ ಸ್ಮಿತ್ ಮೂರು ವರ್ಷ ಮೊದಲೇ ಬಿಟ್ಟಿದ್ದನು. ಬ್ಲೇಜ್ ಬೇಲಿ ಎಂಬ ಬೇರೆ ಬಗೆಯ ಕಂಠದವನು ೧೯೯೪ರಲ್ಲಿ ಬಂದನು. ಹಳೆಯ ಹಾಡುಗಳ ಏರುಶ್ರುತಿ ಅವನಿಗೆ ಹೊಂದಲಿಲ್ಲ. ಪ್ರೇಕ್ಷಕರು ಕಡಮೆಯಾದರು, ಅಮೇರಿಕದಲ್ಲಿ ಸಣ್ಣ ರಂಗಗಳಿಗೆ ಇಳಿಯಬೇಕಾಯಿತು. ಹ್ಯಾರಿಸನು ಮೇಳವನ್ನು ಮುಚ್ಚಲಿಲ್ಲ. ೧೯೯೯ರಲ್ಲಿ ಡಿಕಿನ್ಸನನೂ ಸ್ಮಿತನೂ ಮರಳಿದರು. ಸ್ಮಿತನ ಸ್ಥಾನಕ್ಕೆ ಬಂದಿದ್ದ ಜಾನಿಕ್ ಗರ್ಸ್ ಎಂಬವನನ್ನು ಆಗ ಹೊರಗೆ ಕಳುಹಿಸದೆ, ಎರಡಿದ್ದ ಗಿಟಾರನ್ನು ಮೂರು ಮಾಡಿಕೊಂಡರು. ಬೇಲಿಯ ಕಾಲದಲ್ಲಿ ಹುಟ್ಟಿದ ಕೆಲವು ಹಾಡುಗಳನ್ನು ಡಿಕಿನ್ಸನನು ಮುಂದೆಯೂ ಹಾಡಿದನು. ೧೯೮೨ರಲ್ಲಿ ಮೇಳದಿಂದ ಹೊರಗಾಗಿದ್ದ ಡ್ರಮ್ಮುಗಾರ ಕ್ಲೈವ್ ಬರ್ ಎಂಬವನು ನರಗಳ ರೋಗಕ್ಕೆ ತುತ್ತಾದಾಗ, ೨೦೦೨ರಲ್ಲಿ ಅವನ ಸಹಾಯಾರ್ಥವಾಗಿ ಲಂಡನಿನಲ್ಲಿ ಆಟಗಳನ್ನು ಆಡಿದರು. ಅಬ್ಬರದ ಹಿಂದೆ ಇಂತಹ ಋಣಪ್ರಜ್ಞೆಯೂ ಇತ್ತೆಂಬುದನ್ನು ಮರೆಯಲಾಗದು.

ಈ ಮೇಳವು ನಮ್ಮ ನಾಡಿಗೆ ಬಂದ ದಿನವು ೨೦೦೭ನೆಯ ಇಸವಿಯ ಮಾರ್ಚ್ ೧೭. ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಆ ಆಟಕ್ಕೆ ದೇಶದ ನಾನಾ ಕಡೆಗಳಿಂದ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರು ಬಂದರು. ಅಷ್ಟು ದೊಡ್ಡ ಹೆವಿ ಮೆಟಲ್ ಮೇಳವೊಂದು ಭಾರತದಲ್ಲಿ ಹಾಡಿದ್ದು ಅದೇ ಮೊದಲೆಂದು ಹೇಳುತ್ತಾರೆ. ೨೦೦೮ರ ಫೆಬ್ರವರಿ ೧ರಂದು ಇವರ ಲೋಕಸಂಚಾರವು ಮುಂಬಯಿಯಿಂದಲೇ ಆರಂಭವಾಯಿತು. ಆ ಸಂಚಾರದ ವಿಮಾನವನ್ನು ನಡೆಸಿದವನು ಹಾಡುಗಾರ ಡಿಕಿನ್ಸನನೇ. ೨೦೦೯ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು. ಬೆಂಗಳೂರಿನ ಹುಡುಗರು ಕೇಳುವುದರಲ್ಲೇ ತೃಪ್ತರಾಗಿರಲಿಲ್ಲ. ಅಲ್ಲಿಯೇ ೧೯೯೮ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಎಂಬ ಮೇಳವು ಮುಂದೆ ಯುರೋಪಿಗೆ ಹೋಗಿ, ಜರ್ಮನಿಯ ವಾಕನ್ ಎಂಬಲ್ಲಿ ನಡೆಯುವ ಪ್ರಸಿದ್ಧ ಮೆಟಲ್ ಉತ್ಸವದಲ್ಲಿ ಹಾಡಿ ಬಂದಿತು.

ಪರಕೀಯ ವಾದ್ಯದಿಂದ ನಮ್ಮತನವು ಕೆಟ್ಟೀತೆಂಬ ಭಯವುಳ್ಳವರು ಪುತ್ತೂರಿನ ಚರಿತ್ರೆಯನ್ನೇ ನೆನೆಯಲಿ. ಇಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನದ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿಕೊಂಡರು; ಟೀಕೆ ಬಂದರೂ ಅಂಜಲಿಲ್ಲ. ಅದೇ ಸ್ಯಾಕ್ಸೊಫೋನನ್ನು ನಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಲಂಡನಿನ ಸಭೆಯಲ್ಲಿ ನುಡಿಸಿದರು. ವಾದ್ಯಕ್ಕೆ ಊರಿಲ್ಲ, ನುಡಿಸುವವನಿಗೆ ಊರಿದ್ದರೆ ಸಾಕು.

ಈಗ ಐರನ್ ಮೇಡನಿಗೂ ಮುಪ್ಪು ಬಂದಿದೆ. ಕ್ಲೈವ್ ಬರ್ ೨೦೧೩ರಲ್ಲಿಯೂ ಪಾಲ್ ಡಿಯಾನೊ ೨೦೨೪ರಲ್ಲಿಯೂ ತೀರಿಕೊಂಡರು. ಡಿಕಿನ್ಸನನು ೨೦೧೫ರಲ್ಲಿ ನಾಲಗೆಯ ಅರ್ಬುದರೋಗವನ್ನು ಗೆದ್ದು ಮತ್ತೆ ಹಾಡಿದನು. ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಡ್ರಮ್ಮು ಬಾರಿಸಿದ ನಿಕೊ ಮೆಕ್‌ಬ್ರೇನ್, ೨೦೨೩ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ಮರಳಿ ರಂಗಕ್ಕೆ ಬಂದು, ೨೦೨೪ರ ಡಿಸೆಂಬರಿನಲ್ಲಿ ತಿರುಗಾಟದಿಂದ ನಿವೃತ್ತನಾದನು. ೨೦೨೫ರಲ್ಲಿ ಮೇಳಕ್ಕೆ ಐವತ್ತು ತುಂಬಿದಾಗ ಅದು ಹೊಸ ಡ್ರಮ್ಮುಗಾರನೊಡನೆ ತಿರುಗಾಟದಲ್ಲಿಯೇ ಇತ್ತು. ಮೊದಲ ದಿನದಿಂದ ಉಳಿದವನು ಹ್ಯಾರಿಸ್ ಒಬ್ಬನೇ.

ಈ ಚರಿತ್ರೆಯಿಂದ ನಾವು ತಿಳಿಯುವುದೇನು? ಎದುರು ನಿಂತು ಹಾಡುವವನ ಕಂಠದಿಂದ ಮೇಳಕ್ಕೆ ಕೀರ್ತಿ ಬರುತ್ತದೆ. ಹಿಂದೆ ನಿಂತು ತಾಳವನ್ನೂ ಪ್ರಸಂಗಗಳ ಭಂಡಾರವನ್ನೂ ಕಾಯುವವನಿಂದ ಅದಕ್ಕೆ ಆಯುಷ್ಯ ಬರುತ್ತದೆ. ನಮ್ಮಲ್ಲಿ ಹಿರಿಯ ಭಾಗವತರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಇರುಳಿಡೀ ನಡೆಯುತ್ತಿದ್ದ ಆಟಗಳು ಹಲವೆಡೆ ಕಾಲಮಿತಿಗೆ ಇಳಿದಿವೆ. ನಮ್ಮ ಭಂಡಾರವನ್ನು ಕಾಯುವವರಾರೆಂಬ ಪ್ರಶ್ನೆಯನ್ನು ಉಪ್ಪರಿಗೆಯ ಹುಡುಗನ ಮೇಲೆ ಸಿಟ್ಟಾಗಿ ಬಗೆಹರಿಸಲಾಗದು. ಅಬ್ಬರದೊಳಗಿನ ಕಥೆಯನ್ನು ಹುಡುಕಿ ಕೇಳುವ ಕಿವಿ ಅವನಿಗಿದೆ. ಅಜ್ಜನವರು ಒಂದು ಸಂಜೆ ಮೆಟ್ಟಿಲು ಹತ್ತಿ ಆ ಮುದಿ ನಾವಿಕನ ಕಥೆಯನ್ನು ಅವನ ಬಾಯಿಂದ ಕೇಳಲಿ. ಮರುದಿನ ಇರುಳು ಮೊಮ್ಮಗನು ಅಜ್ಜನವರ ಜೊತೆಗೆ ಆಟಕ್ಕೆ ಹೊರಡಲಿ. ಬಣ್ಣದ ವೇಷವು ದೊಂದಿಯ ಬೆಳಕಿನಲ್ಲಿ ಎದ್ದುಬರುವಾಗ ಇಬ್ಬರಿಗೂ ಮಾತಾಡಲು ಬೇಕಷ್ಟಿರುವುದು.